ಹಳ್ಳಿ ಶಾಲೆಗೆ ಹೊಸ ಯೋಜನೆ ತರುವವರಿಗೆ: ಹಂಚುವ ಮೊದಲು ಪರೀಕ್ಷಿಸಿ ನೋಡಿ

ಶಿಕ್ಷಣ ಇಲಾಖೆಯ ಹೊಣೆ ಹೊತ್ತಿರುವ ಮಾನ್ಯರೇ,

ಹಳ್ಳಿ ಶಾಲೆಗಳ ಬಗ್ಗೆ ನಿಮಗೆ ಕಾಳಜಿ ಇಲ್ಲ ಅಂತ ಜಗಳ ತೆಗೆಯುವುದಕ್ಕೆ ಈ ಪತ್ರ ಬರೆಯುತ್ತಿಲ್ಲ. ಕಾಳಜಿ ಇದೆ. ದುಡ್ಡೂ ಖರ್ಚಾಗುತ್ತಿದೆ. ಹೊಸ ಯೋಜನೆ ಬರುತ್ತದೆ, ಅದಕ್ಕೊಂದು ಚೆಂದದ ಹೆಸರು ಇರುತ್ತದೆ. ಸುತ್ತೋಲೆ ಹೊರಡುತ್ತದೆ, ತರಬೇತಿ ನಡೆಯುತ್ತದೆ, ಸಾಮಾನು ಶಾಲೆಗೆ ತಲುಪುತ್ತದೆ, ಫೋಟೊ ಅಪ್‌ಲೋಡ್ ಆಗುತ್ತದೆ. ಕೆಲವು ವರ್ಷ ಕಳೆದ ಮೇಲೆ ಆ ಯೋಜನೆ ಯಾರಿಗೂ ಹೇಳದೆ ಮಾಯವಾಗುತ್ತದೆ. ಇನ್ನೊಂದು ಬರುತ್ತದೆ. ಹೋದ ಯೋಜನೆಯಿಂದ ಮಕ್ಕಳಿಗೆ ಓದು ಬಂತಾ, ಲೆಕ್ಕ ಬಂತಾ ಅಂತ ಕೇಳಿ ನೋಡಿ. ಎಷ್ಟು ಶಾಲೆಗೆ ಎಷ್ಟು ಕಿಟ್ ಹೋಯಿತು ಎನ್ನುವ ಪಟ್ಟಿ ಸಿಗುತ್ತದೆ.

ನನ್ನ ಬೇಡಿಕೆ ಒಂದೇ. ಹೊಸದೊಂದನ್ನು ಎಲ್ಲ ಶಾಲೆಗೂ ಹರಡುವ ಮೊದಲು ಕೆಲವು ಶಾಲೆಗಳಲ್ಲಿ ಗಟ್ಟಿಯಾಗಿ ಪರೀಕ್ಷಿಸಿ. 'ಪ್ರಾಯೋಗಿಕ ಯೋಜನೆ' ಅಂತ ಬೋರ್ಡು ಹಾಕಿ, ಮೊದಲೇ ಚೆನ್ನಾಗಿ ನಡೆಯುವ ಹತ್ತು ಶಾಲೆ ಆರಿಸಿ, ವರ್ಷದ ಕೊನೆಗೆ ಯಶಸ್ವಿ ಎಂದು ಘೋಷಿಸುವುದು ಪರೀಕ್ಷೆ ಅಲ್ಲ. ಪರೀಕ್ಷೆ ಅಂದರೆ ಫೇಲ್ ಆಗುವ ಸಾಧ್ಯತೆಯೂ ಇರಬೇಕು, ಅಲ್ವಾ?

ಇಷ್ಟು ಹಟ ಯಾಕೆ ಅಂತ ಕೇಳಬಹುದು. 1990ರ ದಶಕದಲ್ಲಿ ಪಶ್ಚಿಮ ಕೀನ್ಯಾದ ಬಡ ಹಳ್ಳಿಗಳಲ್ಲಿ ನಡೆದದ್ದನ್ನು ಹೇಳುತ್ತೇನೆ. ಅಲ್ಲಿನ ಶಾಲೆಗಳಲ್ಲಿ ಪುಸ್ತಕಗಳ ಕೊರತೆ ಇತ್ತು. ಹಾಳೆ ಮಗುಚುತ್ತಾ ಪಾಠ ಮಾಡುವ ದೊಡ್ಡ ಚಿತ್ರಪಟಗಳನ್ನು ಕೊಟ್ಟರೆ ಹೇಗೆ ಎಂಬ ಯೋಚನೆ ಬಂತು. ಒಂದು ಪಟ ಇಡೀ ತರಗತಿಗೆ ಸಾಕು. ಓದುವುದರಲ್ಲಿ ಹಿಂದಿರುವ ಮಗುವಿಗೂ ಚಿತ್ರ ನೋಡಿದರೆ ಒಂದಿಷ್ಟು ಅರ್ಥವಾಗುತ್ತದೆ. ಆಗಲೇ ಪಟ ಇದ್ದ ಶಾಲೆಗಳನ್ನು ಇಲ್ಲದ ಶಾಲೆಗಳ ಜೊತೆ ಇಟ್ಟು ನೋಡಿದರೆ, ಪಟ ಇದ್ದ ಕಡೆ ಮಕ್ಕಳ ಅಂಕ ಸ್ಪಷ್ಟವಾಗಿ ಜಾಸ್ತಿ ಇತ್ತು. ಸಾಮಾನ್ಯವಾಗಿ ಇಷ್ಟು ಸಿಕ್ಕರೆ ಟೆಂಡರ್ ಕರೆಯುತ್ತಾರೆ.

ಅರ್ಥಶಾಸ್ತ್ರಜ್ಞರಾದ ಪಾಲ್ ಗ್ಲೆವ್ವೆ, ಮೈಕೆಲ್ ಕ್ರೆಮರ್ ಮತ್ತು ಅವರ ಜೊತೆಗಾರರು ಅಲ್ಲಿಗೆ ನಿಲ್ಲಲಿಲ್ಲ. 178 ಶಾಲೆಗಳನ್ನು ತೆಗೆದುಕೊಂಡು, ಯಾರ ಇಷ್ಟಾನಿಷ್ಟವೂ ನಡುವೆ ಬಾರದ ಹಾಗೆ ಎರಡು ಪಾಲು ಮಾಡಿದರು. ಒಂದು ಪಾಲಿಗೆ ಪಟ ಕೊಟ್ಟರು, ಇನ್ನೊಂದಕ್ಕೆ ಕೊಡಲಿಲ್ಲ. ಆಮೇಲೆ ಎರಡೂ ಕಡೆಯ ಅಂಕ ನೋಡಿದರು. 2004ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ ಎರಡಕ್ಕೂ ವ್ಯತ್ಯಾಸವೇ ಇರಲಿಲ್ಲ.

ಹಾಗಾದರೆ ಮೊದಲು ಕಂಡ ಅಂಕ ಎಲ್ಲಿಂದ ಬಂತು? ತಾನಾಗಿ ಪಟ ತರಿಸಿಕೊಂಡ ಶಾಲೆ ಎಂಥದು ಅಂತ ಯೋಚಿಸಿ. ಅಲ್ಲಿ ಚುರುಕಾದ ಮುಖ್ಯ ಶಿಕ್ಷಕರು ಇರಬಹುದು. ಕೈಯಲ್ಲಿ ನಾಲ್ಕು ಕಾಸು ಇರುವ ಪೋಷಕರು ಇರಬಹುದು. ಅಂಕ ಬಂದದ್ದು ಅಂಥ ಕಾರಣಗಳಿಂದ. ಪಟ ಸುಮ್ನೆ ಗೋಡೆಯ ಮೇಲಿತ್ತು, ಹೆಸರು ಮಾತ್ರ ಅದಕ್ಕೆ ಬಂತು.

ಅದೇ ಪ್ರದೇಶದಲ್ಲಿ ಪಠ್ಯಪುಸ್ತಕ ಕೊಟ್ಟೂ ನೋಡಿದರು. ಪುಸ್ತಕ ಕೊಟ್ಟರೆ ಕಲಿಕೆ ಏರುತ್ತದೆ ಎನ್ನುವುದರಲ್ಲಿ ಯಾರಿಗೆ ಅನುಮಾನ ಇರುತ್ತದೆ? ಆದರೆ ಸರಾಸರಿ ಅಂಕ ಏರಲಿಲ್ಲ. ಮೊದಲೇ ಮುಂದಿದ್ದ ಮಕ್ಕಳಿಗೆ ಮಾತ್ರ ಲಾಭವಾಯಿತು. ಪುಸ್ತಕಗಳು ಇಂಗ್ಲಿಷಿನಲ್ಲಿದ್ದವು. ಅಲ್ಲಿನ ಬಹಳಷ್ಟು ಮಕ್ಕಳಿಗೆ ಅದು ಮೂರನೇ ಭಾಷೆ. ಪುಸ್ತಕ ಕೊಡಬೇಡಿ ಅಂತ ಇದರ ಅರ್ಥ ಅಲ್ಲ. ತೊಂದರೆ ಇದ್ದದ್ದು ಮಗುವಿನ ಮಟ್ಟಕ್ಕೂ ಪಠ್ಯದ ಮಟ್ಟಕ್ಕೂ ನಡುವಿನ ಅಂತರದಲ್ಲಿ. ಆ ಅಂತರ ಕಣ್ಣಿಗೆ ಬಿದ್ದದ್ದು ಪರೀಕ್ಷಿಸಿ ನೋಡಿದ್ದರಿಂದ. ಪುಸ್ತಕ ಹಂಚಿದ ಲೆಕ್ಕವನ್ನಷ್ಟೇ ಇಟ್ಟಿದ್ದರೆ ಇಂದಿಗೂ ಅದು ಯಶಸ್ವಿ ಯೋಜನೆ ಎನಿಸಿಕೊಳ್ಳುತ್ತಿತ್ತು.

ಹಳ್ಳಿ ಶಾಲೆಗೇ ಸೇರಿದ ಇನ್ನೊಂದು ಸಂಗತಿ ಇದೆ. ಇದರ ಬಗ್ಗೆ ಸ್ವಲ್ಪ ಜಾಸ್ತಿಯೇ ಹೇಳಬೇಕು, ಯಾಕೆಂದರೆ ಇದರಿಂದ ಶಿಕ್ಷಕರಿಗೆ ದಿನವೂ ಅನ್ಯಾಯ ಆಗುತ್ತಿದೆ. ಹಳ್ಳಿ ಶಾಲೆ ಚಿಕ್ಕದು. ಅಲ್ಲಿ ಪರೀಕ್ಷೆ ಬರೆಯುವ ಮಕ್ಕಳು ಎಂಟೇ ಮಂದಿ ಅಂದುಕೊಳ್ಳಿ. ಒಂದು ಮಗು ಜ್ವರ ಬಂದು ಪರೀಕ್ಷೆ ಕೆಡಿಸಿಕೊಂಡರೆ ಶಾಲೆಯ ಫಲಿತಾಂಶ ಒಂದೇ ಏಟಿಗೆ ಶೇ 12.5 ಇಳಿಯುತ್ತದೆ. ಇನ್ನೂರು ಮಕ್ಕಳು ಪರೀಕ್ಷೆ ಬರೆಯುವ ಶಾಲೆಯಲ್ಲಿ ಅದೇ ಜ್ವರದಿಂದ ಇಳಿಯುವುದು ಅರ್ಧ ಶೇಕಡಾ. ಹಾಗಾಗಿ ರ‍್ಯಾಂಕ್ ಪಟ್ಟಿ ಮಾಡಿದಾಗ ತೀರಾ ಮೇಲೆಯೂ ತೀರಾ ಕೆಳಗೂ ಚಿಕ್ಕ ಶಾಲೆಗಳೇ ತುಂಬಿಕೊಳ್ಳುತ್ತವೆ. ಮೇಲಿನವರು ಅದ್ಭುತ ಮಾಡಿದ್ದಾರೆ, ಕೆಳಗಿನವರು ಸೋಮಾರಿಗಳು ಅಂತ ನಾವು ಓದಿಕೊಳ್ಳುತ್ತೇವೆ. ಅದರಲ್ಲಿ ದೊಡ್ಡ ಪಾಲು ಬರೀ ಅದೃಷ್ಟ.

ಮುಂದಿನ ವರ್ಷ ಏನಾಗುತ್ತದೆ ನೋಡಿ. ಅದೃಷ್ಟದಿಂದ ಕೆಳಗೆ ಬಿದ್ದ ಶಾಲೆ ತನ್ನ ಪಾಡಿಗೆ ಸ್ವಲ್ಪ ಮೇಲೆ ಬರುತ್ತದೆ. ಅದೃಷ್ಟದಿಂದ ಮೇಲೆ ಹೋದದ್ದು ಸ್ವಲ್ಪ ಇಳಿಯುತ್ತದೆ. ಈ ನಡುವೆ ಕೆಳಗಿನ ಶಾಲೆಗೆ ನೋಟಿಸ್ ಹೋಗಿರುತ್ತದೆ, ಮೇಲಿನದಕ್ಕೆ ಸನ್ಮಾನ ಆಗಿರುತ್ತದೆ. ನೋಟಿಸ್ ಕೊಟ್ಟರೆ ಸುಧಾರಿಸುತ್ತಾರೆ, ಹೊಗಳಿದರೆ ಕೆಡುತ್ತಾರೆ ಎಂಬ ಪಾಠವನ್ನು ಅಧಿಕಾರಿ ಕಲಿತುಬಿಡುತ್ತಾರೆ. ಅನುಭವದಿಂದ ಕಲಿತದ್ದು, ಆದ್ದರಿಂದ ಅಲ್ಲಾಡಿಸಲು ಆಗದ ನಂಬಿಕೆ. ನೋಟಿಸ್ ಹೋಗದ ಅದೇ ಮಟ್ಟದ ಶಾಲೆಗಳನ್ನು ಪಕ್ಕದಲ್ಲಿಟ್ಟು ನೋಡಿದ್ದರೆ ಅವೂ ಮೇಲೆ ಬಂದದ್ದು ಕಾಣುತ್ತಿತ್ತು.

ಹೀಗಾಗಿ ಹತ್ತು ಹಳ್ಳಿ ಶಾಲೆ ನೋಡಿ ಯೋಜನೆಯ ಬಗ್ಗೆ ತೀರ್ಪು ಕೊಡಬೇಡಿ. ಒಂದೇ ಶಾಲೆಯ ಮಕ್ಕಳಿಗೆ ಶಿಕ್ಷಕರೂ ಒಬ್ಬರೇ, ಊರೂ ಒಂದೇ. ಅವರ ಅಂಕ ಒಟ್ಟಿಗೆ ಏರುತ್ತದೆ, ಒಟ್ಟಿಗೆ ಇಳಿಯುತ್ತದೆ. ನಾಲ್ಕು ಶಾಲೆಯ ಸಾವಿರ ಮಕ್ಕಳಿಗಿಂತ ನೂರು ಶಾಲೆಯ ಸಾವಿರ ಮಕ್ಕಳು ಹೇಳುವ ಉತ್ತರವನ್ನು ಹೆಚ್ಚು ನಂಬಬಹುದು. ವರದಿ ಬಂದಾಗ ಎಷ್ಟು ಮಕ್ಕಳು ಅಂತ ಕೇಳುವ ಮೊದಲು ಎಷ್ಟು ಶಾಲೆ ಅಂತ ಕೇಳಿ. ಈ ಒಂದು ಪ್ರಶ್ನೆಗೆ ಅರ್ಧ ವರದಿಗಳು ತಡವರಿಸುತ್ತವೆ ಅಂತ ನನ್ನ ಅನುಮಾನ.

ಇನ್ನು ನೀವು ಹೇಳುವ ಮೊದಲ ಆಕ್ಷೇಪ ನನಗೆ ಗೊತ್ತು. ಕೆಲವು ಮಕ್ಕಳಿಗೆ ಕೊಟ್ಟು ಕೆಲವರಿಗೆ ಬಿಡುವುದು ಸರಿಯಾ? ಒಳ್ಳೆಯ ಪ್ರಶ್ನೆ. ಆದರೆ ಈಗ ಏನಾಗುತ್ತಿದೆ? ಮೊದಲ ವರ್ಷ ಎಲ್ಲ ಶಾಲೆಗೂ ಸಾಕಾಗುವಷ್ಟು ದುಡ್ಡು ಯಾವ ಸರ್ಕಾರದ ಹತ್ತಿರವೂ ಇರುವುದಿಲ್ಲ. ಹಂತ ಹಂತವಾಗಿಯೇ ಕೊಡುತ್ತೀರಿ. ಮೊದಲ ಹಂತಕ್ಕೆ ಯಾವ ಶಾಲೆ ಎನ್ನುವುದು ರಸ್ತೆಯ ಹತ್ತಿರ ಇದೆಯೋ ಇಲ್ಲವೋ, ಯಾರು ಫೋನ್ ಮಾಡಿದರು ಎನ್ನುವುದರ ಮೇಲೆ ನಿಲ್ಲುತ್ತದೆ. ಅದರ ಬದಲು ಎಲ್ಲರ ಮುಂದೆ ಚೀಟಿ ಎತ್ತಿ. ಅಷ್ಟೇ ದುಡ್ಡು, ಅಷ್ಟೇ ಶಾಲೆ. ಹಂಚಿಕೆ ಈಗಿನದಕ್ಕಿಂತ ನ್ಯಾಯವಾಗಿರುತ್ತದೆ, ಜೊತೆಗೆ ಎರಡನೇ ಹಂತಕ್ಕೆ ಕಾಯುತ್ತಿರುವ ಶಾಲೆಗಳು ಹೋಲಿಸಿ ನೋಡಲು ಸಿಗುತ್ತವೆ.

ಮೆಕ್ಸಿಕೊ ಇದನ್ನು 1997ರಲ್ಲೇ ಮಾಡಿತು. ಮಕ್ಕಳನ್ನು ಶಾಲೆಗೆ ಕಳಿಸುವ, ಆರೋಗ್ಯ ತಪಾಸಣೆ ಮಾಡಿಸುವ ಬಡ ಕುಟುಂಬಗಳಿಗೆ ನಗದು ಕೊಡುವ 'ಪ್ರೊಗ್ರೆಸಾ' ಎಂಬ ಯೋಜನೆ ಅದು. ಹಣ ತಾಯಿಯ ಕೈಗೆ ಹೋಗುತ್ತಿತ್ತು. ಅಧ್ಯಯನಕ್ಕೆ ಸೇರಿಸಿಕೊಂಡ 506 ಹಳ್ಳಿಗಳಲ್ಲಿ 320ಕ್ಕೆ ಮೊದಲು ಕೊಟ್ಟರು, 186 ಹಳ್ಳಿಗಳಿಗೆ ಆಮೇಲೆ. ಯಾವ ಹಳ್ಳಿ ಯಾವ ಗುಂಪಿಗೆ ಎನ್ನುವುದನ್ನು ಆಕಸ್ಮಿಕಕ್ಕೆ ಬಿಟ್ಟರು. ಪ್ರಾಥಮಿಕ ಹಂತ ಮುಗಿಸಿದ ಹುಡುಗಿಯರು ಓದು ಮುಂದುವರಿಸುವುದು ಹೆಚ್ಚಿತು ಎನ್ನುವುದು ಹೋಲಿಕೆಯಲ್ಲಿ ಚೆನ್ನಾಗಿ ಕಂಡಿತು. 2000ದಲ್ಲಿ ಮೆಕ್ಸಿಕೊದಲ್ಲಿ ದಶಕಗಳ ಕಾಲ ಆಳಿದ ಪಕ್ಷ ಅಧಿಕಾರ ಕಳೆದುಕೊಂಡಿತು. ಹಿಂದಿನವರ ಯೋಜನೆಯನ್ನು ಹೊಸಬರು ಕಸದಬುಟ್ಟಿಗೆ ಹಾಕುವುದು ಅಲ್ಲೂ ವಾಡಿಕೆ. ಇದನ್ನು ಹಾಕಲಿಲ್ಲ. 2002ರಲ್ಲಿ ಹೆಸರು ಬದಲಿಸಿದರು, ನಗರಗಳಿಗೂ ವಿಸ್ತರಿಸಿದರು. ರಾಜಕಾರಣಿಯಾಗಿ ನಿಮ್ಮ ಯೋಜನೆ ನಿಮ್ಮ ನಂತರವೂ ಬದುಕಬೇಕು ಅಂತಿದ್ದರೆ, ಗಟ್ಟಿ ಪುರಾವೆಗಿಂತ ಒಳ್ಳೆಯ ರಕ್ಷಣೆ ಸಿಗುವುದು ಕಷ್ಟ.

ಕೆಲವೊಮ್ಮೆ ಚೀಟಿ ಎತ್ತಲು ಆಗುವುದಿಲ್ಲ. ಆಗಲೂ ದಾರಿ ಇದೆ. ಬಿಹಾರದಲ್ಲಿ 2006ರಲ್ಲಿ ಒಂಬತ್ತನೇ ತರಗತಿಗೆ ಸೇರುವ ಹುಡುಗಿಯರಿಗೆ ಸೈಕಲ್ ಕೊಡುವ ಯೋಜನೆ ಇಡೀ ರಾಜ್ಯಕ್ಕೆ ಒಟ್ಟಿಗೇ ಬಂತು. ಅರ್ಥಶಾಸ್ತ್ರಜ್ಞರಾದ ಕಾರ್ತಿಕ್ ಮುರಳೀಧರನ್ ಮತ್ತು ನಿಶಿತ್ ಪ್ರಕಾಶ್ ಅಲ್ಲಿನ ಹುಡುಗಿಯರನ್ನು ಅಲ್ಲಿನ ಹುಡುಗರ ಜೊತೆ, ಪಕ್ಕದ ಜಾರ್ಖಂಡ್‌ನ ಮಕ್ಕಳ ಜೊತೆ ಹೋಲಿಸಿದರು. ಹುಡುಗಿಯರ ದಾಖಲಾತಿ ಶೇ 32ರಷ್ಟು ಏರಿತ್ತು. ಪ್ರೌಢಶಾಲೆ ದೂರ ಇದ್ದ ಊರುಗಳಲ್ಲೇ ಈ ಏರಿಕೆ ಹೆಚ್ಚು. ಸೈಕಲ್‌ನಿಂದಲೇ ಆದದ್ದು ಅಂತ ನಂಬಲು ಅದೂ ಒಂದು ಕಾರಣ. ಸಂಶೋಧನೆ ಅಂದರೆ ಸದಾ ಯೋಜನೆಗೆ ಕಲ್ಲು ಹಾಕುವುದು ಅಂತ ಯಾರೂ ತಿಳಿಯಬಾರದು.

ದುಬಾರಿ ನಂಬಿಕೆಗಳ ಪಟ್ಟಿ ಉದ್ದ ಇದೆ, ಬೇಗ ಎರಡು ಹೇಳಿ ಮುಂದೆ ಹೋಗುತ್ತೇನೆ. ಪೆರು ದೇಶ ಮಕ್ಕಳಿಗೆ ಲಕ್ಷಗಟ್ಟಲೆ ಲ್ಯಾಪ್‌ಟಾಪ್ ಹಂಚಿತು. 319 ಹಳ್ಳಿ ಶಾಲೆಗಳಲ್ಲಿ ಒಂದೂಕಾಲು ವರ್ಷದ ನಂತರ ನೋಡಿದಾಗ ಗಣಿತ, ಭಾಷೆ ಎರಡರಲ್ಲೂ ಬದಲಾವಣೆ ಕಾಣಲಿಲ್ಲ. ಇಂಡೊನೇಷ್ಯಾ ಪ್ರಮಾಣಪತ್ರ ಪಡೆದ ಶಿಕ್ಷಕರ ಮೂಲ ವೇತನವನ್ನೇ ದುಪ್ಪಟ್ಟು ಮಾಡಿತು. ಶಿಕ್ಷಕರಿಗೆ ನೆಮ್ಮದಿ ಬಂತು, ಹೊರಗೆ ಇನ್ನೊಂದು ಕೆಲಸ ಹುಡುಕುವುದು ತಗ್ಗಿತು, ಆದರೆ ಎರಡು ಮೂರು ವರ್ಷದಲ್ಲಿ ಮಕ್ಕಳ ಕಲಿಕೆ ಏರಲಿಲ್ಲ. ಶಿಕ್ಷಕರಿಗೆ ಒಳ್ಳೆಯ ಸಂಬಳ ಕೊಡಲೇಬೇಕು, ಅದು ಬೇರೆ ನ್ಯಾಯದ ಮಾತು. ಆದರೆ ಕಲಿಕೆಗೆ ಅದೇ ಮದ್ದು ಅಂತ ಲೆಕ್ಕ ಹಾಕಿ ಕೈ ತೊಳೆದುಕೊಳ್ಳುವ ಹಾಗಿಲ್ಲ.

ಈಗ ನನಗೆ ಬಹಳ ಮುಖ್ಯ ಅನಿಸುವ ಭಾಗಕ್ಕೆ ಬರುತ್ತೇನೆ. ಒಂದು ಕಡೆ ಗೆದ್ದ ಯೋಜನೆಯನ್ನು ಹಾಗೇ ಎತ್ತಿ ಎಲ್ಲ ಕಡೆ ಇಟ್ಟರೆ ಗೆಲ್ಲುತ್ತದೆ ಎನ್ನುವುದೂ ಒಂದು ನಂಬಿಕೆಯೇ. ಅದನ್ನೂ ಪರೀಕ್ಷಿಸಬೇಕು.

ಮಕ್ಕಳ ಕಲಿಕೆಗಾಗಿ ದುಡಿಯುವ ಸ್ವಯಂಸೇವಾ ಸಂಸ್ಥೆ 'ಪ್ರಥಮ್'ನ ಕೆಲಸ ಇದಕ್ಕೆ ಒಳ್ಳೆಯ ಉದಾಹರಣೆ. ಮಗುವನ್ನು ವಯಸ್ಸಿನ ಪ್ರಕಾರ ಕೂರಿಸುವ ಬದಲು, ಅಕ್ಷರ ಬರುವವರು, ಪದ ಬರುವವರು, ಸಣ್ಣ ಕಥೆ ಓದಬಲ್ಲವರು ಅಂತ ಮಟ್ಟದ ಪ್ರಕಾರ ಗುಂಪು ಮಾಡಿ ಕಲಿಸುವುದು ಅವರ ವಿಧಾನ. ಇದರ ಅಗತ್ಯ ಎಷ್ಟು ಅಂತ ತಿಳಿಯಲು ಹಳ್ಳಿ ಮನೆಗಳಿಗೇ ಹೋಗಿ ಮಕ್ಕಳಿಂದ ಓದಿಸುವ 'ಅಸರ್' ಸಮೀಕ್ಷೆ ಸಾಕು. 2018ರಲ್ಲಿ ಭಾರತದ ಹಳ್ಳಿಗಳ ಐದನೇ ತರಗತಿ ಮಕ್ಕಳಲ್ಲಿ ಎರಡನೇ ತರಗತಿಯ ಪಾಠ ಓದಬಲ್ಲವರು ಹೆಚ್ಚುಕಡಿಮೆ ಅರ್ಧ ಮಾತ್ರ. ಅರ್ಥಶಾಸ್ತ್ರಜ್ಞರಾದ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೊ ಮತ್ತು ಜೊತೆಗಾರರು ಪ್ರಥಮ್ ಜೊತೆ ಸೇರಿ ಈ ವಿಧಾನವನ್ನು ವರ್ಷಗಟ್ಟಲೆ, ಬೇರೆ ಬೇರೆ ರಾಜ್ಯಗಳಲ್ಲಿ ಪರೀಕ್ಷಿಸಿದರು. ಸ್ವಯಂಸೇವಕರು ಕಲಿಸಿದಾಗ ಅದು ಕೆಲಸ ಮಾಡಿತು. ಸರ್ಕಾರಿ ಶಿಕ್ಷಕರ ಕೈಗೆ ಕೊಟ್ಟರೆ?

ಬಿಹಾರದಲ್ಲಿ ಸಾಮಗ್ರಿ ಮಾತ್ರ ಕೊಟ್ಟು ನೋಡಿದರು, ಏನೂ ಆಗಲಿಲ್ಲ. ಸಾಮಗ್ರಿಯ ಜೊತೆ ಶಿಕ್ಷಕರಿಗೆ ತರಬೇತಿ ಕೊಟ್ಟರು, ಶಾಲೆ ನಡೆಯುವ ದಿನಗಳಲ್ಲಿ ಆಗಲೂ ಏನೂ ಆಗಲಿಲ್ಲ. ಇಷ್ಟಕ್ಕೇ ಬಿಟ್ಟಿದ್ದರೆ 'ಸರ್ಕಾರಿ ಶಿಕ್ಷಕರಿಂದ ಆಗದು' ಎಂಬ ಮಾಮೂಲಿ ಮಾತಿಗೆ ಪುರಾವೆ ಸಿಕ್ಕಂತಾಗುತ್ತಿತ್ತು. ಆದರೆ ಅದೇ ಅಧ್ಯಯನದಲ್ಲಿ ಬೇಸಿಗೆ ಶಿಬಿರವೂ ಇತ್ತು. ಅಲ್ಲಿ ಸರ್ಕಾರಿ ಶಿಕ್ಷಕರೇ ಇದೇ ವಿಧಾನದಲ್ಲಿ ಕಲಿಸಿದರು, ಮಕ್ಕಳು ಮುಂದೆ ಬಂದರು. ಅಂದರೆ ಅವರಿಗೆ ಕಲಿಸಲು ಬರುತ್ತದೆ. ಶಾಲೆ ಶುರುವಾದ ಕೂಡಲೇ ಪಠ್ಯ ಮುಗಿಸುವ ಒತ್ತಡ ಬಂದು ಕೂರುತ್ತದೆ. ಹಿಂದುಳಿದ ಮಗುವಿಗೆ ಅಂತ ಪ್ರತ್ಯೇಕ ಸಮಯ ಉಳಿಯುವುದಿಲ್ಲ.

ಈ ಸುಳಿವು ಹಿಡಿದು 2012–13ರಲ್ಲಿ ಹರಿಯಾಣದಲ್ಲಿ ಬೇರೆ ರೀತಿ ಮಾಡಿದರು. ದಿನಕ್ಕೆ ಒಂದು ಗಂಟೆಯನ್ನು ಈ ಕೆಲಸಕ್ಕೇ ಮೀಸಲಿಟ್ಟರು. ಆ ಗಂಟೆಯಲ್ಲಿ ಎಲ್ಲ ಮಕ್ಕಳೂ ತಮ್ಮ ತಮ್ಮ ಮಟ್ಟದ ಗುಂಪಿಗೆ ಹೋಗಬೇಕು. ಶಾಲೆಗೆ ಭೇಟಿ ಕೊಡುವ ಮೇಲ್ವಿಚಾರಕರು ಮೊದಲು ತಾವೇ ಕೆಲವು ದಿನ ಹೀಗೆ ಕಲಿಸಿ ನೋಡಿ, ಆಮೇಲೆ ಶಿಕ್ಷಕರಿಗೆ ನೆರವಾದರು. ಭಾಷೆಯಲ್ಲಿ ಮಕ್ಕಳು ಸುಧಾರಿಸಿದರು. ಅಲ್ಲಿ ಕಲಿಸಿದವರು ಮಾಮೂಲಿ ಶಿಕ್ಷಕರೇ. ಎರಡು ಸಲ ಸೋತ ಯೋಜನೆಯ ಒಳಗೆ ಇಂಥ ಉತ್ತರ ಅಡಗಿರುತ್ತದೆ. ಸೋಲನ್ನು ದಾಖಲಿಸಿದರೆ ಮಾತ್ರ ಅದು ಸಿಗುತ್ತದೆ.

ಇದಕ್ಕೆ ತದ್ವಿರುದ್ಧವಾದ ಕಥೆ ಮಧ್ಯಪ್ರದೇಶದ್ದು. ಶಾಲೆಗಳ ಆಡಳಿತ ಸುಧಾರಿಸಲು ಮೌಲ್ಯಮಾಪನ ಮಾಡಿ, ಪ್ರತಿ ಶಾಲೆಗೂ ಒಂದು ಸುಧಾರಣಾ ಯೋಜನೆ ಬರೆಸುವ ಕಾರ್ಯಕ್ರಮ. ಕಾಗದದ ಮೇಲೆ ಬಹಳ ಚೆನ್ನಾಗಿತ್ತು. ಸಾವಿರಕ್ಕೂ ಹೆಚ್ಚು ಶಾಲೆಗಳಲ್ಲಿ ಮುರಳೀಧರನ್ ಮತ್ತು ಅಭಿಜಿತ್ ಸಿಂಗ್ ಅದನ್ನು ಪರೀಕ್ಷಿಸಿದರು. ಮೌಲ್ಯಮಾಪನ ನಡೆಯಿತು, ಯೋಜನೆಗಳನ್ನು ಬರೆದರು. ಆಡಳಿತವೂ ಬದಲಾಗಲಿಲ್ಲ, ಕಲಿಕೆಯೂ ಬದಲಾಗಲಿಲ್ಲ. ಶಾಲೆಯವರ ಜೊತೆ ಕೂತು ಮಾತಾಡಿದಾಗ ಕಾರಣ ಗೊತ್ತಾಯಿತು: ಅವರ ಕಣ್ಣಿಗೆ ಅದು ಇನ್ನೊಂದು ಕಾಗದದ ಕೆಲಸ, ಬರೆದು ಕಳಿಸಿದರೆ ಮುಗಿಯಿತು. ಇಷ್ಟಾದರೂ ಅದು ಸಾವಿರಾರು ಶಾಲೆಗಳಿಗೆ ಹರಡಿತು. ಎಲ್ಲ ಹಂತದಲ್ಲೂ ಕಾಗದ ಸರಿಯಾಗಿ ಇದ್ದುದರಿಂದ ಯಶಸ್ಸಿನಂತೆಯೇ ಕಾಣುತ್ತಿತ್ತು. ಸಂಶೋಧನೆ ಮಾಡಿಸಿದರೆ ಸಾಲದು, ಅದು ಬರುವ ತನಕ ಕಾಯಲೂ ಬೇಕು ಅಂತ ನಾನು ಹೇಳುವುದು ಇದಕ್ಕೇ.

ಇಲ್ಲಿ ಶಾಲೆಯವರ ಜೊತೆ ಮಾತಾಡಿದ್ದನ್ನು ಗಮನಿಸಿ. ಅಂಕಿ ಅಂಶಕ್ಕೆ ಗೊತ್ತಾಗುವುದು ಆಯಿತಾ ಇಲ್ಲವಾ ಎನ್ನುವುದು. ಯಾಕೆ ಎನ್ನುವುದಕ್ಕೆ ತರಗತಿಯ ಹಿಂದಿನ ಸಾಲಲ್ಲಿ ಕೂರಬೇಕು. ಒಬ್ಬರೇ ಶಿಕ್ಷಕರು ಐದು ತರಗತಿ ನೋಡಿಕೊಳ್ಳುವ ಶಾಲೆಯಲ್ಲಿ ಒಂದು ದಿನ ಹೇಗೆ ಕಳೆಯುತ್ತದೆ, ಬಿಸಿಯೂಟದ ಲೆಕ್ಕ ಬರೆಯಲು ಎಷ್ಟು ಹೊತ್ತು ಹೋಗುತ್ತದೆ, ಮಗುವಿನ ಮನೆಮಾತು ಯಾವುದು, ಇದೆಲ್ಲ ನೋಡದ ಸಂಶೋಧನೆಯನ್ನು ಗಟ್ಟಿ ಅಂತ ನಾನು ಒಪ್ಪುವುದಿಲ್ಲ. ಶಿಕ್ಷಕರನ್ನು ಪ್ರಯೋಗದ ವಸ್ತು ಮಾಡಬೇಡಿ. ಏನನ್ನು ಪರೀಕ್ಷಿಸಬೇಕು ಅಂತ ಅವರನ್ನೇ ಕೇಳಿ. ಇಲಾಖೆಯ ಹತ್ತು ಸಭೆಗಳಲ್ಲಿ ಹುಟ್ಟದ ಐಡಿಯಾ ಒಬ್ಬ ಒಳ್ಳೆಯ ಶಿಕ್ಷಕಿಯ ಹತ್ತಿರ ಇರುತ್ತದೆ.

ಸಂಶೋಧಕರ ಮಾತೇ ಅಂತಿಮ ಅಂತಲೂ ನಾನು ಹೇಳುತ್ತಿಲ್ಲ. ಕೀನ್ಯಾದ 75 ಶಾಲೆಗಳಲ್ಲಿ ಜಂತುಹುಳದ ಮಾತ್ರೆ ಕೊಟ್ಟ ಎಡ್ವರ್ಡ್ ಮಿಗೆಲ್ ಮತ್ತು ಕ್ರೆಮರ್ ಅವರ ಅಧ್ಯಯನ 2004ರಲ್ಲಿ ಬಂತು. ಮಕ್ಕಳ ಗೈರುಹಾಜರಿ ಕಾಲುಭಾಗ ಇಳಿಯಿತು ಎಂದು ಅದು ಹೇಳಿತು. ನಂತರ ಅವರು ತಮ್ಮ ದತ್ತಾಂಶವನ್ನು ಬೇರೆಯವರಿಗೆ ಕೊಟ್ಟರು. ಆ ಬೇರೆ ಸಂಶೋಧಕರು ಮತ್ತೆ ಲೆಕ್ಕ ಹಾಕಿ 2015ರಲ್ಲಿ ತಪ್ಪುಗಳನ್ನು ತೋರಿಸಿದರು. ದೊಡ್ಡ ಜಗಳವೇ ಆಯಿತು, ಕೆಲವು ತೀರ್ಮಾನ ಉಳಿದವು, ಕೆಲವು ಅಲುಗಾಡಿದವು. ಇದರಿಂದ ನನಗೆ ಸಂಶೋಧನೆಯ ಮೇಲಿನ ನಂಬಿಕೆ ಕಮ್ಮಿ ಆಗಲಿಲ್ಲ, ಜಾಸ್ತಿ ಆಯಿತು. ಇಲಾಖೆಯ ಯಾವ ವರದಿಯನ್ನು ಹೊರಗಿನವರು ಹೀಗೆ ಬಿಚ್ಚಿ ನೋಡಲು ಸಾಧ್ಯ ಇದೆ, ಹೇಳಿ?

ಆದ್ದರಿಂದ ನಾನು ಕೇಳುವುದು ದೊಡ್ಡದೇನಲ್ಲ. ಮುಂದಿನ ಯೋಜನೆಯ ಆದೇಶದಲ್ಲೇ ಮೊದಲ ಹಂತದ ಶಾಲೆಗಳನ್ನು ಬಹಿರಂಗವಾಗಿ ಚೀಟಿ ಎತ್ತಿ ಆರಿಸುವುದಾಗಿ ಬರೆಯಿರಿ. ಯಾವ ಕಲಿಕೆಯನ್ನು, ಯಾವಾಗ ಅಳೆಯುತ್ತೀರಿ, ಎಷ್ಟು ಏರಿದರೆ ಗೆಲುವು ಎನ್ನುವುದನ್ನು ಯೋಜನೆ ಶುರುವಾಗುವ ಮೊದಲೇ ಪ್ರಕಟಿಸಿ, ಆಮೇಲೆ ಗೋಲು ಕಂಬ ಸರಿಸಲು ಆಗದ ಹಾಗೆ. ಅಳೆಯುವ ಕೆಲಸ ಯೋಜನೆ ನಡೆಸುವವರಿಗೂ ಬೇಡ, ಆ ಶಾಲೆಯ ಶಿಕ್ಷಕರಿಗೂ ಬೇಡ. ತಮ್ಮ ಉತ್ತರಪತ್ರಿಕೆಯನ್ನು ತಾವೇ ತಿದ್ದುವ ಇಕ್ಕಟ್ಟಿಗೆ ಯಾರನ್ನೂ ತಳ್ಳಬಾರದು. ಮಕ್ಕಳ ಹೆಸರು ತೆಗೆದು ದತ್ತಾಂಶವನ್ನು ಎಲ್ಲರಿಗೂ ಸಿಗುವಂತೆ ಇಡಿ. ಸೋತರೆ ಸೋತಿತು ಅಂತ ವರದಿ ಹಾಕಿ. ಆ ಅಧಿಕಾರಿಯನ್ನು ವರ್ಗ ಮಾಡಬೇಡಿ, ಇಲ್ಲದಿದ್ದರೆ ಮುಂದೆ ಯಾರೂ ನಿಜ ಬರೆಯುವುದಿಲ್ಲ. ಇದಕ್ಕೆ ಬೇಕಾಗುವ ದುಡ್ಡು ಯೋಜನೆಯ ಒಟ್ಟು ಖರ್ಚಿನಲ್ಲಿ ಚಿಕ್ಕ ಚೂರು, ಅದನ್ನು ಬಜೆಟ್‌ನಲ್ಲೇ ಬೇರೆ ತೆಗೆದಿಡಿ.

ಎಲ್ಲ ಯೋಜನೆಗೂ ಇದು ಬೇಡ. ಶೌಚಾಲಯ, ಕುಡಿಯುವ ನೀರು, ಸೋರದ ಸೂರು, ಇವಕ್ಕೆ ಪ್ರಯೋಗದ ಹೆಸರಲ್ಲಿ ಒಂದು ದಿನವೂ ತಡ ಮಾಡಬೇಡಿ. ಅವು ಮಕ್ಕಳ ಹಕ್ಕು, ಅಂಕ ಏರಲಿ ಬಿಡಲಿ ಕೊಡಲೇಬೇಕು. ನಾನು ಹೇಳುತ್ತಿರುವುದು 'ಇದರಿಂದ ಕಲಿಕೆ ಏರುತ್ತದೆ' ಅಂತ ಭರವಸೆ ಕೊಟ್ಟು ತರುವ ಯೋಜನೆಗಳ ಬಗ್ಗೆ. ಈ ವರ್ಷ ನಿಮ್ಮ ಮೇಜಿನ ಮೇಲೆ ಅಂಥದ್ದು ಒಂದಾದರೂ ಇದ್ದೇ ಇರುತ್ತದೆ. ಅದರಿಂದಲೇ ಶುರು ಮಾಡಿ. ಚೀಟಿ ಎತ್ತುವ ದಿನಾಂಕವನ್ನು ಪತ್ರಿಕೆಗಳಲ್ಲಿ ಮೊದಲೇ ಹಾಕಿಸಿ. ನಾವು ಪೋಷಕರು, ಶಿಕ್ಷಕರು ನೋಡಲು ಬರುತ್ತೇವೆ.

ಇಂತಿ,
ಹಳ್ಳಿ ಶಾಲೆಗಳ ಹಿತ ಬಯಸುವ ಒಬ್ಬ ನಾಗರಿಕ